ಹಿಂದೆ ಎದ್ದು ನಿಲ್ಲುತ್ತಿದ್ದ ಮಿಸ್

ನಮ್ಮ ಶಾಲೆಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ತೀರಿಕೊಂಡ ಸುದ್ದಿ ಬಂದರೆ ಐದು ನಿಮಿಷದೊಳಗೆ ಕೈಮುಗಿದ ಚಿತ್ರಗಳು ಸಾಲುಗಟ್ಟುತ್ತವೆ. ಮೊನ್ನೆ ಲೈಬ್ರರಿ ನೋಡಿಕೊಳ್ಳುವವರು ಹಾಕಿದ ಒಂದು ಸಾಲಿನ ಕೆಳಗೆ ಮಾತ್ರ ಮೊದಲು ಬಂದದ್ದು ಒಂದು ಪ್ರಶ್ನೆ. "ಯಾರು ಇವರು?" ಸತ್ತವರ ಪೂರ್ತಿ ಹೆಸರನ್ನು ಅವರು ಬರೆದಿದ್ದರು, ತೊಂದರೆಯಾದದ್ದು ಅಲ್ಲೇ. ಎರಡು ವರ್ಷ ನಮ್ಮ ಜೊತೆ ಇದ್ದ ಆ ಹೆಂಗಸನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ. ಆಮೇಲೆ "ಅದೇ, ಬಿ ಸೆಕ್ಷನ್ನಲ್ಲಿ ಹಿಂದೆ ಕೂರ್ತಿದ್ರಲ್ಲ, ಹಿಂದಿನ ಮಿಸ್" ಎಂದು ಬರೆದ ಮೇಲೆ ಮೂರು ಜನ ಕೈಮುಗಿದರು. ಫೋಟೋ ಹಾಕೋಣವೆಂದರೆ ಯಾರ ಹತ್ತಿರವೂ ಇರಲಿಲ್ಲ. ಸ್ಟಾಫ್ ಫೋಟೋ ತೆಗೆಯುವಾಗಲೆಲ್ಲ ಯಾರಾದರೂ ಒಬ್ಬರು ಫೋನು ಅವರ ಕೈಗೇ ಕೊಡುತ್ತಿದ್ದರು.

ನಾನು ಆಗ ವಿಜಯನಗರದ ಮಾರುಕಟ್ಟೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದೆ. ನಿವೃತ್ತನಾದ ಮೇಲೆ ನನಗೆ ಮನೆಯವರು ವಹಿಸಿರುವ ಏಕೈಕ ಖಾತೆ ಅದು. ಸೊಪ್ಪಿನವಳು ಕೊತ್ತಂಬರಿ ಕಟ್ಟು ಹಿಡಿದುಕೊಂಡು "ಸಾರ್, ಬೇಕಾ ಬ್ಯಾಡ್ವಾ" ಎಂದು ಎರಡು ಸಲ ಕೇಳಿದಳಂತೆ. ನಾನು ಏನೂ ಕೊಳ್ಳದೆ ಮನೆಗೆ ಬಂದೆ.

ಅವರು ನಮ್ಮ ತರಗತಿಗೆ ಬಂದ ದಿನ ಹೆಡ್ ಮಿಸ್ ಮುಂದೆ, ಅವರು ಹಿಂದೆ, ಅವರ ಹಿಂದೆ ನೀಲಿ ಪ್ಲಾಸ್ಟಿಕ್ ಸ್ಟೂಲು ಹಿಡಿದ ಆಯಾ. "ಸಾರ್, ಇನ್ಮೇಲೆ ನಿಮ್ ಕ್ಲಾಸಲ್ಲಿ ಇಬ್ರು ಟೀಚರ್. ಮೇಡಂ ಸ್ಪೆಷಲ್ ಎಜುಕೇಟರ್. ನಾಲ್ಕು ಮಕ್ಳಿಗೆ ಜಾಸ್ತಿ ಗಮನ ಬೇಕಲ್ವಾ, ಅವ್ರನ್ನ ಬೇರೆ ಕೂರ್ಸೋದು ಬೇಡ, ನೀವಿಬ್ರೂ ಸೇರಿ ಎಲ್ರಿಗೂ ಒಟ್ಟಿಗೆ ಪಾಠ ಮಾಡಿ," ಎಂದರು ಹೆಡ್ ಮಿಸ್. ನಾನು ಹಲ್ಲು ಕಿರಿದೆ. ಇಪ್ಪತ್ತೈದು ವರ್ಷದಿಂದ ಗಣಿತ ಹೇಳುತ್ತಿದ್ದವನು ನಾನು. ಪಾಠವೆಂದರೆ ನನಗೆ ಸ್ನಾನದ ಹಾಗೆ, ಒಬ್ಬನೇ ಮಾಡಬೇಕು. ಒಂದು ಒರೆಯಲ್ಲಿ ಎರಡು ಕತ್ತಿ ಹೇಗೆ ಹಿಡಿಸೀತು ಎಂದು ಆ ಸಂಜೆ ಹೆಂಡತಿಯ ಹತ್ತಿರ ಗೊಣಗಿದೆ. "ಅವರು ಕತ್ತಿ ಅಂತ ನಿಮಗ್ಯಾರು ಹೇಳಿದ್ದು," ಎಂದಳು ಅವಳು.

ಐವತ್ತು ದಾಟಿದ ವಯಸ್ಸು, ಹಣೆಯಲ್ಲಿ ತೆಳ್ಳಗೆ ವಿಭೂತಿ, ಗಂಜಿ ಹಾಕಿದ ಕಾಟನ್ ಸೀರೆ. ಗಡಿಯಾರದ ಮುಖವನ್ನು ಮಣಿಕಟ್ಟಿನ ಒಳಗಡೆಗೆ ತಿರುಗಿಸಿ ಕಟ್ಟುತ್ತಿದ್ದರು. ಟೀಚರ್ ಗಡಿಯಾರ ನೋಡಿದ್ದು ಮಕ್ಕಳಿಗೆ ಕಾಣಬಾರದು, ಕಂಡರೆ ಅವರಿಗೂ ಅವಸರ ಹತ್ತುತ್ತದೆ ಎನ್ನುವುದು ಅವರ ಲೆಕ್ಕ. ದಾವಣಗೆರೆ ಕಡೆಯವರು. ಚಂದ್ರಾ ಲೇಔಟಿನಲ್ಲಿ ಮಹಡಿ ಮೇಲಿನ ಒಂದು ಬಾಡಿಗೆ ಮನೆಯಲ್ಲಿ ಒಬ್ಬರೇ ಇದ್ದರು. ಯಾಕೆ ಒಬ್ಬರೇ ಎಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೆಗಲ ಚೀಲದಲ್ಲಿ ಹುಣಸೆಬೀಜ, ರಬ್ಬರ್ ಬ್ಯಾಂಡು, ಬಟ್ಟೆಗೆ ಹಾಕುವ ಕ್ಲಿಪ್ಪು, ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದ. ಅದನ್ನು ನೋಡಿದ ನಮ್ಮ ಹಿಂದಿ ಮೇಡಂ "ಗುಜರಿ ಅಂಗಡಿ" ಎಂದು ಹೆಸರಿಟ್ಟರು. ನಾನೂ ನಕ್ಕಿದ್ದೆ.

ಮೊದಲ ತಿಂಗಳು ಅವರ ಕೆಲಸ ನೋಡಿ ನನಗೆ ಸಿಟ್ಟು ಬಂತು. ಯಾವ ನಾಲ್ಕು ಮಕ್ಕಳಿಗಾಗಿ ಅವರನ್ನು ಕರೆಸಿದ್ದರೋ ಅವರನ್ನು ಬಿಟ್ಟು ಬೇರೆ ಎಲ್ಲರ ಪಕ್ಕ ಕೂರುತ್ತಿದ್ದರು. ಫಸ್ಟ್ ರ್ಯಾಂಕಿನ ಹುಡುಗಿಯ ಪಕ್ಕ ಮೂರು ದಿನ ಸ್ಟೂಲು ಹಾಕಿಕೊಂಡು ಅವಳ ಅಕ್ಷರ ತಿದ್ದಿದರು. ಕ್ರಿಕೆಟ್ ಹುಚ್ಚಿನ ಹುಡುಗನ ಹತ್ತಿರ ರನ್ ರೇಟು ಕಲಿತರು. ನಾನು ಕೇಳಿಯೇಬಿಟ್ಟೆ. "ಮೇಡಂ, ನಿಮ್ ಮಕ್ಳು ಆ ಕಡೆ ಇದಾರೆ."

"ಗೊತ್ತೈತ್ರೀ ಸರ್," ಎಂದರು. "ನಾ ಯಾರ ಹತ್ರ ಕೂತ್ರೆ ಅವ್ರು ದಡ್ಡರು ಅಂತ ಆಗ್ಬಾರ್ದಲ್ರೀ. ಮೊದ್ಲು ಎಲ್ಲಾರ ಪಕ್ಕ ಕೂತು ನನ್ನ ಬೆಲೆ ಇಳಿಸ್ಕೋತೀನಿ. ಆಮೇಲೆ ಎಲ್ಲಿ ಕೂತ್ರೂ ಯಾರೂ ತಿರುಗಿ ನೋಡಂಗಿಲ್ಲ."

ಹಾಗೇ ಆಯಿತು. ತಿಂಗಳು ಕಳೆಯುವ ಹೊತ್ತಿಗೆ ಮಿಸ್ ನಮ್ಮ ಬೆಂಚಿಗೆ ಬನ್ನಿ ಎಂದು ಮಕ್ಕಳು ಜಗಳ ಆಡತೊಡಗಿದರು. ಆ ನಾಲ್ವರ ಪಕ್ಕ ಅವರು ಕೂತಾಗ ಉಳಿದವರಿಗೆ ಅದು ತಮ್ಮ ಸರದಿ ತಪ್ಪಿದಂತೆ ಕಂಡಿತೇ ಹೊರತು ಬೇರೇನೂ ಅಲ್ಲ.

ಆ ನಾಲ್ವರಲ್ಲಿ ಒಬ್ಬಳು ಮೇಘನಾ. ಸಣ್ಣ ಜಡೆಯ, ಮಾತು ಕಡಿಮೆಯ ಹುಡುಗಿ. ಅವಳಿಗೆ ಅಂಕಿಗಳು ಸಾಲಿನಲ್ಲಿ ನಿಲ್ಲುತ್ತಿರಲಿಲ್ಲ, ಕೇಳಿದ ಮಾತು ಒಳಗೆ ಇಳಿಯಲು ಹೊತ್ತು ಹಿಡಿಯುತ್ತಿತ್ತು. ದಡ್ಡಿಯಲ್ಲ, ನಿಧಾನ. ಆ ವ್ಯತ್ಯಾಸ ನನಗೆ ಇಪ್ಪತ್ತೈದು ವರ್ಷದಲ್ಲಿ ತಿಳಿದಿರಲಿಲ್ಲ ಎಂದು ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ನಾನು ಪಾಠ ಮುಗಿಸಿ "ಅರ್ಥ ಆಯ್ತಾ" ಎಂದರೆ ಇಡೀ ತರಗತಿ ಒಂದೇ ರಾಗದಲ್ಲಿ "ಆಯ್ತು ಸಾರ್" ಎನ್ನುತ್ತಿತ್ತು. ಮೇಘನಾ ಒಬ್ಬಳೇ ಬಾಯಿ ತೆರೆಯುತ್ತಿರಲಿಲ್ಲ. ಅದನ್ನು ನಾನು ಹಟ ಎಂದುಕೊಂಡಿದ್ದೆ.

"ಆ ರಾಗ ಅರ್ಥ ಆಗಿ ಹಾಡಿದ್ದಲ್ರೀ ಸರ್, ಬೆಲ್ ಹೊಡೀಲಿ ಅಂತ ಹಾಡಿದ್ದು," ಎಂದರು ಹಿಂದಿನ ಮಿಸ್. "ಆ ಹುಡುಗಿ ಒಬ್ಳೇ ನಿಮಗ್ ಸುಳ್ ಹೇಳ್ತಿಲ್ಲ."

ಅದೇ ದಿನ ಅವರು ಒಂದು ಒಪ್ಪಂದ ಮುಂದಿಟ್ಟರು. ಪಾಠದ ನಡುವೆ ಅವರು ಬಾಯಿ ಹಾಕುವುದಿಲ್ಲ. ನಾನು ಹೇಳಿದ್ದು ಹಿಂದಿನವರೆಗೆ ತಲುಪದಿದ್ದರೆ ಸುಮ್ಮನೆ ಸ್ಟೂಲಿನಿಂದ ಎದ್ದು ನಿಲ್ಲುತ್ತಾರೆ. ನಾನು ಅದನ್ನೇ ಬೇರೆ ರೀತಿಯಲ್ಲಿ ಇನ್ನೊಮ್ಮೆ ಹೇಳಬೇಕು. ತಲುಪಿದ ಮೇಲೆ ಕೂರುತ್ತಾರೆ. "ನಿಮ್ ಮರ್ಯಾದೆಗೂ ಕುಂದಿಲ್ಲ, ನನ್ ಕೆಲಸಕ್ಕೂ ಕುಂದಿಲ್ಲ," ಎಂದರು.

ಮಾರನೆಯ ದಿನ ಭಿನ್ನರಾಶಿ. ನಾನು ಕಪ್ಪು ಹಲಗೆಯ ಮೇಲೆ ಒಬ್ಬಟ್ಟು ಬರೆದು ನಾಲ್ಕು ಭಾಗ ಮಾಡಿ ಮೂರಕ್ಕೆ ಗೆರೆ ಎಳೆದೆ. ತಿರುಗಿ ನೋಡಿದರೆ ಅವರು ನಿಂತಿದ್ದಾರೆ. ನನಗೆ ಎಲ್ಲಿತ್ತೋ ಸಿಟ್ಟು, ಕಾಣದವನ ಹಾಗೆ ಮುಂದುವರಿಸಿದೆ. ಅವರು ಕೂರಲಿಲ್ಲ. ನಾನು ಮುಂದಿನ ಲೆಕ್ಕಕ್ಕೆ ಹೋದೆ, ಅದರ ಮುಂದಿನದಕ್ಕೂ ಹೋದೆ. ಅರ್ಧ ಗಂಟೆ ಆ ಹೆಂಗಸು ಕೈಕಟ್ಟಿ ನಿಂತೇ ಇದ್ದರು, ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ, ಬಸ್ಸಿಗೆ ಕಾಯುವವರ ಹಾಗೆ. ಕೊನೆಗೆ ಮುಂದಿನ ಬೆಂಚಿನ ಹುಡುಗ ಹೇಳಿದ. "ಸಾರ್, ಮಿಸ್‌ಗೆ ಸೊಂಟ ನೋವು ಇರ್ಬೇಕು." ತರಗತಿ ನಕ್ಕಿತು, ಅವರೂ ನಕ್ಕರು, ನಾನು ಸೋತೆ. ಜೇಬಿನಿಂದ ಕರವಸ್ತ್ರ ತೆಗೆದು ನಾಲ್ಕಾಗಿ ಮಡಚಿ ಮೇಘನಾಳ ಕೈಗೆ ಕೊಟ್ಟೆ. ಅವಳು ಬಿಚ್ಚಿದಳು, ಗೆರೆ ಮುಟ್ಟಿ ನೋಡಿದಳು, ಮತ್ತೆ ಮಡಚಿದಳು. ನಾವೆಲ್ಲ ಕಾದೆವು. "ಒಂದು ಬಿಟ್ಟು ಮೂರು ಸಾರ್," ಎಂದಳು. ಸ್ವಲ್ಪ ತಡೆದು "ಅರ್ಥ ಆಯ್ತು ಸಾರ್," ಎಂದೂ ಸೇರಿಸಿದಳು. ಹಿಂದಿನ ಮಿಸ್ ಕೂತರು.

ಅಂದಿನಿಂದ ಎರಡು ವರ್ಷ ನಾನು ಒಂದು ಕಣ್ಣು ಹಲಗೆಯ ಮೇಲೆ, ಒಂದು ಕಣ್ಣು ಆ ನೀಲಿ ಸ್ಟೂಲಿನ ಮೇಲೆ ಇಟ್ಟು ಪಾಠ ಮಾಡಿದೆ. ಮಕ್ಕಳು ಕೊನೆಯವರೆಗೂ ಅವರಿಗೆ ಸೊಂಟ ನೋವೆಂದೇ ನಂಬಿದ್ದರು. ಒಬ್ಬಳು ಮನೆಯಿಂದ ಮುಲಾಮು ತಂದುಕೊಟ್ಟಿದ್ದಳು. ಒಂದೇ ಲೆಕ್ಕವನ್ನು ಮೂರು ರೀತಿ ಹೇಳುವುದು ಬಂದ ಮೇಲೆ ನನಗೇ ಗಣಿತ ಹೊಸದಾಗಿ ಅರ್ಥವಾಯಿತು. ಫಸ್ಟ್ ರ್ಯಾಂಕಿನವಳಿಗೂ ಮೂರನೆಯ ಸಲವೇ ಪೂರ್ತಿ ತಿಳಿಯುತ್ತಿತ್ತು ಎನ್ನುವುದು ಗೊತ್ತಾಯಿತು. ಅಷ್ಟು ಚೆನ್ನಾಗಿ ನಾನು ಹಿಂದೆ ಪಾಠ ಮಾಡಿರಲಿಲ್ಲ, ಆಮೇಲೂ ಮಾಡಲಿಲ್ಲ.

ಹಾಗೆಂದು ನಾವು ಗೆಳೆಯರಾದೆವು ಎಂದುಕೊಳ್ಳಬೇಡಿ. ಬೆಲ್ ಹೊಡೆದರೆ ನಾನು ಸ್ಟಾಫ್ ರೂಮಿಗೆ, ಅವರು ಅಲ್ಲೇ. ಸ್ಟಾಫ್ ರೂಮಿನಲ್ಲಿ ಅವರಿಗೆ ಕುರ್ಚಿ ಇರಲಿಲ್ಲ. ಬೇಕೆಂದು ಯಾರೂ ತಪ್ಪಿಸಿದ್ದಲ್ಲ, ಕುರ್ಚಿಗಳು ಟೈಮ್‌ಟೇಬಲ್ಲಿನಲ್ಲಿ ಹೆಸರಿದ್ದವರಿಗೆ ಮಾತ್ರ ಇದ್ದವು. ಅವರ ಹೆಸರು ಟೈಮ್‌ಟೇಬಲ್ಲಿನಲ್ಲಿ ಇರಲಿಲ್ಲ, ನನ್ನ ಹೆಸರಿನ ಮುಂದೆ ಒಂದು ಕೂಡಿಸುವ ಚಿಹ್ನೆ ಇತ್ತು, ಅದೇ ಅವರು. ಮಧ್ಯಾಹ್ನ ಖಾಲಿ ತರಗತಿಯಲ್ಲಿ ಡಬ್ಬಿ ಬಿಚ್ಚಿ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತಿನ್ನುತ್ತಿದ್ದರು. ಒಮ್ಮೆ ಮರೆತ ಕನ್ನಡಕಕ್ಕೆಂದು ಹೋದಾಗ ನೋಡಿದೆ. ನಲವತ್ತು ಜನರ ಗದ್ದಲದ ಕೋಣೆ ನಿಶ್ಶಬ್ದವಾಗಿತ್ತು. ಅವರು ಹಿಂದಿನ ಮೂಲೆಯಲ್ಲೇ, ಅದೇ ಸ್ಟೂಲಿನ ಮೇಲೆ ಕೂತು, ಖಾಲಿ ಬೆಂಚುಗಳ ಕಡೆ ನೋಡುತ್ತ ತಿನ್ನುತ್ತಿದ್ದರು. "ಬರ್ರಿ ಸರ್, ರೊಟ್ಟಿ ತಗೋರಿ," ಎಂದರು. "ಆಯ್ತು ಮೇಡಂ, ನಮ್ದು ಊಟ ಆಯ್ತು," ಎಂದು ಸುಳ್ಳು ಹೇಳಿ ಕನ್ನಡಕ ತೆಗೆದುಕೊಂಡು ಬಂದೆ. ನೀವೇ ನಮ್ಮ ಕಡೆ ಬನ್ನಿ ಎಂದು ಕರೆಯಲು ಬಾಯಿ ಬರಲಿಲ್ಲ. ಕರೆದಿದ್ದರೆ ನನ್ನ ಕುರ್ಚಿ ಬಿಟ್ಟುಕೊಡಬೇಕಾಗುತ್ತಿತ್ತು.

ಈಗ ಹೇಳಬೇಕಾದ ಮಾತಿಗೆ ಬರುತ್ತೇನೆ. ಇಷ್ಟು ಹೊತ್ತು ಸುತ್ತಿದ್ದು ಅದನ್ನು ತಪ್ಪಿಸಿಕೊಳ್ಳಲಿಕ್ಕೇ.

ಎರಡನೆಯ ವರ್ಷದ ಪೋಷಕರ ಸಭೆಯಲ್ಲಿ ಒಬ್ಬ ತಂದೆ ನನ್ನ ಮುಂದೆ ನಿಂತು, ಮೆಚ್ಚಿಕೆಯಿಂದಲೇ, ಹೇಳಿದರು. "ಸಾರ್, ಹಿಂದಿನ ಮಿಸ್ ಬಂದ್ಮೇಲೆ ನಮ್ ಹುಡುಗನಿಗೆ ಮ್ಯಾತ್ಸ್ ಅಂದ್ರೆ ಇಷ್ಟ ಆಗ್ಬಿಟ್ಟಿದೆ." ಅವರ ಹುಡುಗ ಆ ನಾಲ್ವರಲ್ಲಿ ಇರಲಿಲ್ಲ. ಪಾಠ ಮಾಡುವವನು ನಾನು, ಸೀಮೆಸುಣ್ಣದ ಧೂಳು ಕುಡಿಯುವವನು ನಾನು, ಹೆಸರು ಸ್ಟೂಲಿನ ಮೇಲೆ ಕೂತವರಿಗೆ. ನಾನು ನಗುತ್ತ ತಲೆಯಾಡಿಸಿದೆ.

ಅದಾಗಿ ಎರಡು ವಾರಕ್ಕೆ ಆಡಳಿತ ಮಂಡಳಿಯಿಂದ ಒಂದು ಹಾಳೆ ಬಂತು. ಒಂದು ತರಗತಿಯಲ್ಲಿ ಇಬ್ಬರು ಟೀಚರು ಇರುವ ವ್ಯವಸ್ಥೆ ಹೇಗಿದೆ, ಕ್ಲಾಸ್ ಟೀಚರ್ ಅಭಿಪ್ರಾಯ ಬರೆದು ಕೊಡಬೇಕು. ನಾನು ನನ್ನ ಒಳ್ಳೆಯ ಪೆನ್ನು ತೆಗೆದು ಒಂದು ಪುಟ ಬರೆದೆ. ಮಕ್ಕಳು ಎಷ್ಟು ಮುಂದುವರಿದಿದ್ದಾರೆ, ಯಾರು ಯಾವ ಪಟ್ಟಿಯವರೆಂದು ಗುರುತೇ ಸಿಗದಷ್ಟು ಹೇಗೆ ಬೆರೆತಿದ್ದಾರೆ ಎಂದೆಲ್ಲ. ಕೊನೆಗೆ ಬರೆದೆ: ಈ ತರಗತಿಯಲ್ಲಿ ಈಗ ಯಾರಿಗೂ ಪ್ರತ್ಯೇಕ ನೆರವಿನ ಅಗತ್ಯ ಕಂಡುಬರುತ್ತಿಲ್ಲ.

ಅದು ಅವರ ಕೆಲಸದ ಹೊಗಳಿಕೆ ಎಂದು ನಾನು ವರ್ಷಗಟ್ಟಲೆ ನನಗೆ ಹೇಳಿಕೊಂಡೆ. ಅವರ ಕೆಲಸವೇ ಹಾಗೆ, ಚೆನ್ನಾಗಿ ನಡೆದರೆ ನಡೆದದ್ದೇ ಕಾಣುವುದಿಲ್ಲ. ಆದರೆ ಆ ಸಾಲು ಬರೆಯುವಾಗ ಪೆನ್ನು ಒಂದು ಗಳಿಗೆ ತಡೆದದ್ದು ನನಗೆ ನೆನಪಿದೆ. ಮಂಡಳಿಯವರು ಇದನ್ನು ಹೇಗೆ ಓದುತ್ತಾರೆಂದು ತಿಳಿಯದಷ್ಟು ಹಸುಳೆ ನಾನಲ್ಲ. ತಿಳಿದೇ ಚುಕ್ಕೆ ಇಟ್ಟೆ, ಸಹಿ ಹಾಕಿದೆ. ಮಾರ್ಚ್ ಕೊನೆಗೆ ಅವರ ಹುದ್ದೆ ತೆಗೆದರು.

ಕೊನೆಯ ದಿನ ಅವರು ಹೆಡ್ ಮಿಸ್ ಹತ್ತಿರ ಕೇಳಿದ್ದು ಒಂದೇ, ಆ ಸ್ಟೂಲು ಒಯ್ಯಬಹುದೇ ಎಂದು. ಅದನ್ನು ಬಸ್ ಸ್ಟಾಪಿನವರೆಗೆ ನಾನೇ ಹೊತ್ತುಕೊಂಡು ಹೋದೆ. ದಾರಿಯುದ್ದಕ್ಕೂ ಹೇಳಬೇಕೆಂದುಕೊಂಡೆ, ಬಾಯಲ್ಲಿ ಬೇಸಿಗೆಯ ಬಿಸಿಲಿನ ಮಾತೇ ಬಂತು. ಬಸ್ಸು ಹತ್ತುವ ಮೊದಲು ಅವರು ಹೇಳಿದರು. "ಸರ್, ಮೇಘನಾಗೆ ತಿಳೀಲಿಲ್ಲ ಅಂದ್ರೆ ಪೆನ್ಸಿಲ್ ಅಡ್ಡ ಮಲಗಿಸ್ತಾಳೆ. ನಾ ಎದ್ ನಿಲ್ತಿದ್ದದ್ದು ಅದನ್ ನೋಡಿ. ಇನ್ಮೇಲೆ ನೀವ್ ನೋಡ್ರಿ."

ಜೂನ್ ತಿಂಗಳಿಡೀ ನೋಡಿದೆ. ಪೆನ್ಸಿಲ್ ಮಲಗಿದಾಗಲೆಲ್ಲ ನಿಲ್ಲಿಸಿ ಇನ್ನೊಮ್ಮೆ ಹೇಳಿದೆ. ಆಮೇಲೆ ಎಂಟನೇ ತರಗತಿಯ ಪೋರ್ಷನ್ ಹೆಗಲೇರಿತು. ಹಲಗೆಗೆ ಮುಖ ಮಾಡಿದವನಿಗೆ ಕೊನೆಯ ಬೆಂಚಿನ ಪೆನ್ಸಿಲ್ ಕಾಣುವುದಿಲ್ಲ. ತಿರುಗಿದಾಗ ಹಿಂದಿನ ಮೂಲೆ ಖಾಲಿ ಇರುತ್ತಿತ್ತು. ಯಾರೂ ಏಳುತ್ತಿರಲಿಲ್ಲ. ನಾನು ಹೇಳುತ್ತಲೇ ಇದ್ದೆ, ತರಗತಿ "ಆಯ್ತು ಸಾರ್" ಎಂದು ಹಾಡುತ್ತಲೇ ಇತ್ತು, ಅಷ್ಟು ಮಕ್ಕಳ ನಡುವೆ ನನಗೆ ಒಬ್ಬನೇ ಮಾತಾಡಿಕೊಳ್ಳುತ್ತಿರುವ ಹಾಗೆ ಭಾಸವಾಗುತ್ತಿತ್ತು. ದಸರಾ ರಜೆ ಮುಗಿದ ಮೇಲೆ ಮೇಘನಾ ಬರಲಿಲ್ಲ. ಅವಳ ತಾಯಿ ಬಂದು ಟಿಸಿ ತೆಗೆದುಕೊಂಡು ಹೋದರು.

ಐದು ವರ್ಷ ಚಂದ್ರಾ ಲೇಔಟಿನ ಮೇಲೆ ಎಷ್ಟು ಸಲ ಹಾದುಹೋಗಿದ್ದೇನೋ. ಅವರ ಬೀದಿ ಬಂದಾಗಲೆಲ್ಲ ಮುಂದಿನ ವಾರ ಎಂದುಕೊಳ್ಳುತ್ತಿದ್ದೆ. ಕೊನೆಗೆ ಹೋದದ್ದು ಅವರು ಇಲ್ಲವಾದ ಮೇಲೆ.

ಮಣ್ಣು ಊರಿನಲ್ಲೇ ಆಗಿತ್ತು. ಅವರ ತಮ್ಮ ಮನೆ ಖಾಲಿ ಮಾಡಲು ವಾಪಸು ಬಂದಿದ್ದರು. ನನ್ನನ್ನು ಕೂರಿಸಿ, "ಅಕ್ಕನ ಜೊತೆ ಕೆಲಸ ಮಾಡಿದೋರಾ, ಬರ್ರಿ ಬರ್ರಿ," ಎಂದು ನೀರು ಕೊಟ್ಟು ಒಳಗೆ ಪಾತ್ರೆ ಕಟ್ಟಲು ಹೋದರು. ಮುಂದಿನ ಕೋಣೆಯಲ್ಲಿ ಪುಸ್ತಕ ಜೋಡಿಸುತ್ತ ಇಬ್ಬರು ಹೆಂಗಸರು ಇದ್ದರು. ದೊಡ್ಡವರ ಗುರುತು ಹತ್ತಿತು, ಮೇಘನಾಳ ತಾಯಿ. ನೀಲಿ ಸ್ಟೂಲಿನ ಮೇಲೆ ಕೂತಿದ್ದವಳು ಮೇಘನಾ, ಹದಿನೆಂಟು ತುಂಬಿದ ಹುಡುಗಿ.

"ಸ್ಕೂಲ್ ಬಿಟ್ಮೇಲೆ ದಿನಾ ಸಂಜೆ ಇಲ್ಲೇ ಬರ್ತಿದ್ಲು ಸಾರ್," ಎಂದರು ತಾಯಿ. "ಮಿಸ್ಸೇ ಓದ್ಸಿದ್ದು. ಹೋದ್ ವರ್ಷ ಎಸ್ಸೆಸ್ಸೆಲ್ಸಿ ಪ್ರೈವೇಟಾಗಿ ಕಟ್ಟಿ ಪಾಸಾದ್ಲು. ನಿಮ್ ಸ್ಕೂಲ್ ಆದ್ಮೇಲೆ ಮಿಸ್ ಎರಡು ಮೂರು ಕಡೆ ಕೆಲ್ಸ ನೋಡಿದ್ರು, ಎಲ್ಲೂ ಸರಿಹೋಗ್ಲಿಲ್ಲ. ನಿಮ್ ವಿಷ್ಯ ತುಂಬಾ ಹೇಳೋರು. 'ನಾನು ಎದ್ ನಿಂತ್ರೆ ಪಾಠ ನಿಲ್ಸಿದ್ದು ಆ ಸರ್ ಒಬ್ರೇ, ಬೇರೆಯೋರೆಲ್ಲ ಕೂತ್ಕೊಳ್ಳಿ ಮೇಡಂ ಅಂತಾರೆ' ಅನ್ನೋರು. ನಿಮ್ ಸ್ಕೂಲಲ್ಲಿ ಯಾಕ್ ತೆಗೆದ್ರೋ. ಯಾರೋ ಏನೋ ಬರ್ದು ಕೊಟ್ರಂತಲ್ಲ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಂಡನಂತೆ. ನಾನೂ ಮುಟ್ಟಿಕೊಂಡೆ. ಬಂದದ್ದು ಹೇಳಲೆಂದೇ, ಕೇಳಬೇಕಾದವರು ಇರಲಿಲ್ಲ. ಇದ್ದ ಇಬ್ಬರಿಗೆ ಹೇಳತೊಡಗಿದೆ. "ಅದು ಏನಾಯ್ತು ಅಂದ್ರೆ, ಆಡಳಿತ ಮಂಡಳಿ ಅಭಿಪ್ರಾಯ ಕೇಳಿತ್ತು, ಒಟ್ಟಾರೆ ತರಗತಿಯ ಪ್ರಗತಿ ಬಗ್ಗೆ ನಾನು ಸಕಾರಾತ್ಮಕವಾಗಿಯೇ ಬರೆದಿದ್ದೆ, ಅದನ್ನ ಅವ್ರು ಬೇರೆ ಅರ್ಥದಲ್ಲಿ ಪರಿಗಣಿಸಿದ್ರಿಂದ," ಎಂದು ಒಂದೇ ಉಸಿರಿನಲ್ಲಿ ಓಡುತ್ತಿದ್ದೆ. ಮೇಘನಾ ಸ್ಟೂಲಿನಿಂದ ಎದ್ದು ನಿಂತಳು.

ಸಿಟ್ಟಿನಿಂದ ಹೊರಡುತ್ತಿದ್ದಾಳೆ ಎಂದುಕೊಂಡೆ. ಅವಳು ಹೊರಡಲಿಲ್ಲ. ಕೈಕಟ್ಟಿ ನಿಂತೇ ಇದ್ದಳು.

"ತಪ್ ತಿಳ್ಕೋಬೇಡಿ ಸಾರ್," ಎಂದರು ತಾಯಿ. "ತಿಳೀದೇ ಇದ್ರೆ ಹಂಗೇ ಎದ್ ನಿಲ್ತಾಳೆ, ಕಾಲೇಜಲ್ಲೂ. ಮಿಸ್ ಕಲ್ಸಿದ್ದು. ನಾನಿಲ್ದೇ ಇದ್ರೆ ನೀನೇ ನಿಲ್ಬೇಕು ಅಂತ."

ಇನ್ನೊಮ್ಮೆ ಹೇಳಿದೆ. "ನಾನು ಒಂದು ಕಾಗದ ಬರೆದೆ ಮೇಘನಾ. ನಿಮ್ಗೆಲ್ಲ ಚೆನ್ನಾಗಿ ಬರ್ತಿದೆ, ಇನ್ನು ಮಿಸ್ ಇಲ್ದಿದ್ರೂ ನಡೆಯುತ್ತೆ ಅನ್ನೋ ಹಾಗೆ. ಹೊಗಳಿ ಬರ್ದಿದ್ದು." ಅವಳು ಕೂರಲಿಲ್ಲ. ಒಳಗೆ ಪಾತ್ರೆ ಕಟ್ಟುವ ಸದ್ದು ನಿಂತಿತ್ತು. ನಾನು ಜೇಬಿಗೆ ಕೈ ಹಾಕಿ ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

"ಮಿಸ್ ಹೋಗಿದ್ದು ನನ್ನಿಂದ," ಎಂದೆ. "ಅವರು ನಿಂಗೆ ಬೇಕು ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ಬೇಡ ಅಂತ ಬರೆದೆ. ಎಲ್ರೂ ಅವರನ್ನೇ ಹೊಗಳ್ತಿದ್ರು, ನಂಗೆ ಹೊಟ್ಟೆಕಿಚ್ಚು."

ಅವಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಕೂತಳು.

"ಅರ್ಥ ಆಯ್ತು ಸಾರ್," ಎಂದಳು.